ಭಟ್ಟಿ ತಣಿಯುವವರೆಗೆ

ಕಳೆದ ವಾರ ಮನೆಗೆ ಪುಟ್ಟದೊಂದು ಓವನ್ ಬಂತು. ಟೈಮರ್ ಟಿಣ್ ಎಂದು ನಿಂತಿತು, ಒಳಗಿನ ಫ್ಯಾನ್ ಮಾತ್ರ ನಿಲ್ಲಲಿಲ್ಲ. ಹೆಂಡತಿ ಅಡಿಗೆಮನೆಯಿಂದಲೇ ಕೂಗಿದಳು: “ಏನ್ರೀ, ಬಂದ್ ಆದ್ರೂ ತಿರುಗಾಕತ್ತೈತಿ! ವಾಪಸ್ ಕಳಸ್ರಿ ಇದನ್ನ.”

ಗಾಬರಿಯಾಗುವುದು ನಮ್ಮ ಮನೆಯಲ್ಲಿ ನನ್ನ ಇಲಾಖೆ. ಬೀಗ ಹಾಕಿದ್ದೇನೆಯೇ ಎಂದು ನೋಡಲು ಸ್ಟೇಷನ್ನಿನಿಂದ ಹಿಂದಿರುಗಿದವನು ನಾನು. ಅಂದು ಮಾತ್ರ, “ಇರಲಿ ಬಿಡು, ತಣ್ಣಗಾಗಲಿ” ಎಂದೆ. ಆಡಿದ ಮೇಲೆ ತಿಳಿಯಿತು, ಅದು ನನ್ನ ಮಾತಲ್ಲ... ನನ್ನ ಹಳೆಯ ಕಾರ್ಖಾನೆಯ ಯಜಮಾನರದು.

ಅವರು ಉಡುಪಿ ಕಡೆಯವರು. ಮುಂಬೈ ಬಳಿಯ ಕಲ್ಯಾಣದಲ್ಲಿ ಬಹಳ ವರ್ಷ ಹೋಟೆಲ್ ನಡೆಸಿ, ತಮ್ಮನೊಡನೆ ಮನಸ್ತಾಪವಾಗಿ ಅದನ್ನು ಬಿಟ್ಟು, ಡೊಂಬಿವ್ಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪೌಡರ್ ಕೋಟಿಂಗ್ ಶುರುಮಾಡಿದ್ದರು. ಕಪಾಟಿನ ತಗಡುಗಳಿಗೆ ಬಣ್ಣದ ಪುಡಿ ಎರಚಿ, ಕೋಣೆಯಷ್ಟು ದೊಡ್ಡ ಭಟ್ಟಿಯಲ್ಲಿ ತೂಗುಹಾಕಿ ಬೇಯಿಸುವ ಕೆಲಸ. ಬಿಸಿಗಾಳಿಯನ್ನು ಸಮನಾಗಿ ಸುತ್ತಿಸಲು ಹಿಂಗೋಡೆಯಲ್ಲೊಂದು ದೊಡ್ಡ ಫ್ಯಾನ್: ಮೋಟರ್ ಹೊರಗೆ, ರೆಕ್ಕೆ ಒಳಗೆ, ನಡುವೆ ಗೋಡೆ ದಾಟಿದ ಉಕ್ಕಿನ ಶಾಫ್ಟ್. ಅದು ಸರಿಯಾಗಿ ತಿರುಗದಿದ್ದರೆ ಮೇಲಿನ ತಗಡು ಸೀಯುತ್ತಿತ್ತು, ಕೆಳಗಿನದರ ಬಣ್ಣ ಉಗುರು ತಾಗಿದರೆ ಉದುರುತ್ತಿತ್ತು.

ನಾನು ಅಲ್ಲಿ ಸೂಪರ್‌ವೈಸರ್. ಬಾಗಲಕೋಟೆ ಬಿಟ್ಟು ಬದಲಾಪುರದಲ್ಲಿ ಮನೆ ಮಾಡಿದ್ದೆ. ಭಟ್ಟಿ ನೋಡಿಕೊಳ್ಳಲು ಬಿಹಾರದ ಒಬ್ಬ ಆಪರೇಟರ್ ಇದ್ದ.

ಯಜಮಾನರು ಹೋಟೆಲ್ ಬಿಟ್ಟರೂ ಹೋಟೆಲಿನ ಕೈ ಅವರನ್ನು ಬಿಟ್ಟಿರಲಿಲ್ಲ. ಸಂಜೆ ಕೊನೆಯ ಲೋಡ್ ಇಳಿದದ್ದೇ ತಡ, ಬರ್ನರ್, ಫ್ಯಾನ್, ದೀಪ ಎಲ್ಲವನ್ನೂ ತಾವೇ ಪಟಪಟನೆ ಆರಿಸಿ ಶಟರ್ ಎಳೆಯುವರು. “ಒಲೆ ಆರಿದ ಮೇಲೆ ಫ್ಯಾನ್ ಯಾರಿಗೆ ಗಾಳಿ ಹಾಕುದು ಮಾರಾಯ?”

ಕಾದ ಭಟ್ಟಿಯೊಳಗೆ ಸುಮ್ಮನೆ ನಿಂತ ಶಾಫ್ಟ್ ರೆಕ್ಕೆಯ ಭಾರಕ್ಕೇ ಜೋಲುತ್ತದೆ. ದಿನಕ್ಕೊಂದು ಕೂದಲೆಳೆಯಷ್ಟು ಬಾಗಿ, ಕೊನೆಗೊಂದು ಬೆಳಿಗ್ಗೆ ಫ್ಯಾನ್ ಶುರುವಾದೊಡನೆ ಇಡೀ ಶೆಡ್ಡು ನಡುಗಿತು. ಶಾಫ್ಟ್ ಬದಲಾಯಿತು. ಮತ್ತೆ ನಡುಗಿತು. ಬೈಗುಳವೆಲ್ಲ ಆಪರೇಟರನಿಗೆ. ಮೂರನೆಯ ಸಲ ಭಿವಂಡಿಯ ದೊಡ್ಡ ಗಿರಾಕಿ, ಇನ್ನೊಮ್ಮೆ ತಡವಾದರೆ ಮಾಲು ಬೇರೆ ಕಡೆ ಹೋಗುತ್ತದೆ ಎಂದ. ಯಜಮಾನರು ಆಪರೇಟರನಿಗೆ, ತಿಂಗಳು ಮುಗಿದೊಡನೆ ಊರಿಗೆ ಹೋಗು ಎಂದುಬಿಟ್ಟರು. ಅವನ ಹೆಂಡತಿ ಕೂಸನ್ನು ಕಟ್ಟಿಕೊಂಡು ಊರಿನಿಂದ ಆಗಷ್ಟೇ ಬಂದಿದ್ದಳು.

ಯಜಮಾನರೂ ನಾನೂ ಶಾಫ್ಟನ್ನು ರಿಕ್ಷಾದಲ್ಲಿ ಇಬ್ಬರ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಶಹಾಡಿನಲ್ಲಿ ಉಕ್ಕು ಕಡೆಯುವ ಲೇಥಿನವನಲ್ಲಿಗೆ ಹೋದೆವು. ಅವನು ಅದನ್ನು ಒಂದು ಸುತ್ತು ತಿರುಗಿಸಿ ನೋಡಿ, “ಗರಂ ಅಸ್ತಾನಾ ಫ್ಯಾನ್ ಕೋಣ್ ಬಂದ್ ಕರ್ತೋ?” ಎಂದ. ಬಿಸಿ ಇರುವಾಗಲೇ ಫ್ಯಾನ್ ನಿಲ್ಲಿಸುವವರು ಯಾರು? ಯಜಮಾನರು ನನ್ನತ್ತ ನೋಡಿದರು. ನಾನು ಲೇಥನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ.

ಹಿಂದಿರುಗುವಾಗ ಕೇಳಿದರು: “ನಿಂಗೆ ಗೊತ್ತಿತ್ತಾ?”

“ಹೇಳಿದ್ನೆಲ್ರಿ ನಿಮಗ.”

“ಶೀಟು ಹಾರ್ತದೆ, ವಯರು ಸುಡ್ತದೆ, ಹಾವು ಬರ್ತದೆ ಅಂತ್ಲೂ ಹೇಳಿದ್ದಿ. ಯಾವುದನ್ನು ನಂಬುದು ನಾನು?”

“ಹಾವು ಬಂದಿತ್ತಲ್ರಿ.”

“ಅದು ಕೇರೆ ಮಾರಾಯ!”

ಅವರದೂ ತಪ್ಪಲ್ಲ. ಸಿಕ್ಕಿದ್ದಕ್ಕೆಲ್ಲ ಹೆದರುವವನ ಒಂದು ಸರಿಯಾದ ಹೆದರಿಕೆಯನ್ನು ಯಾರು ಆರಿಸಿ ತೆಗೆಯುತ್ತಾರೆ?

ಆಪರೇಟರನ ಮುಂದೆ ಅವರು ತಪ್ಪಾಯಿತು ಎನ್ನಲಿಲ್ಲ. ತಿಂಗಳು ಮುಗಿದಾಗ ಅವನೇ ಬಂದು, “ಸೇಠ್, ಮಹೀನಾ ಖತಂ ಹೋ ಗಯಾ” ಎಂದು ನೆನಪಿಸಿದ. “ತೋ ಕ್ಯಾ? ಲೋಡ್ ಲಗಾ” ಎಂದು ಅವನನ್ನು ಮತ್ತೆ ಕೆಲಸಕ್ಕೇ ಕಳಿಸಿದರು. ಅಷ್ಟೇ.

ಅಂದಿನಿಂದ ಸಂಜೆ ಬರ್ನರ್ ಆರಿಸಿ, ನಮ್ಮನ್ನೆಲ್ಲ ಕಳಿಸಿ, ಭಟ್ಟಿಯ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಫ್ಯಾನಿನ ಕಾವಲಿಗೆ ಕೂರತೊಡಗಿದರು. ಜನ್ಮದಲ್ಲಿ ಕೂತು ಗೊತ್ತಿಲ್ಲದ ಮನುಷ್ಯ. ಮೊದಲ ದಿನಗಳಲ್ಲಿ ಎದ್ದು ಎದ್ದು ಭಟ್ಟಿಯ ಬಾಗಿಲು ಮುಟ್ಟಿ ನೋಡುವರು, ನೆಲ ಗುಡಿಸುವರು, ಬೈಯಲು ಯಾರೂ ಇಲ್ಲದ್ದಕ್ಕೆ ಫ್ಯಾನನ್ನೇ ಬೈಯುವರು. ಆಮೇಲೆ ರೂಢಿಯಾಯಿತು. ರೈಲಿನಲ್ಲಿ ಗರ್ದಿ ಎಂಬ ನೆವದಲ್ಲಿ ನಾನೂ ಆಗಾಗ ಉಳಿಯುತ್ತಿದ್ದೆ. ಹೊರಡೋಣವೇ ಎಂದರೆ, “ಇರ್ಲಿ ಬಿಡು, ತಣ್ಣಗಾಗ್ಲಿ” ಎನ್ನುವರು. ಫ್ಯಾನಿನ ಸದ್ದು, ಬೆಂದ ಬಣ್ಣದ ವಾಸನೆ... ಭಿವಂಡಿಯ ಮಾಲು ಬರುತ್ತಲೇ ಇತ್ತು. ಶಾಫ್ಟು ಮತ್ತೆ ಬಾಗಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಅವರ ಮನೆಯಿಂದ ಫೋನ್ ಬಂತು. ಬೆಳಿಗ್ಗೆ ಎದೆನೋವೆಂದು ಆಸ್ಪತ್ರೆಗೆ ಹೋದವರು ಹೋಗಿಬಿಟ್ಟಿದ್ದರು. ಅಲ್ಲಿಂದಲೇ ಸ್ಮಶಾನಕ್ಕೆ, ಬೇಗ ಬನ್ನಿ ಎಂದರು. ಭಟ್ಟಿ ಕಾದಿತ್ತು. ಬರ್ನರ್ ಆರಿಸಿದೆವು. ಉಳಿದವರು ಟೆಂಪೋ ಹತ್ತಿದರು.

“ಆಪ್ ಜಾಓ ಸಾಬ್, ಮೈ ಬೈಠತಾ ಹೂಂ” ಎಂದ ಆಪರೇಟರ್: ನೀವು ಹೋಗಿ, ನಾನು ಕೂರುತ್ತೇನೆ. “ನಹೀ, ತೂ ಜಾ” ಎಂದೆ. ಇಬ್ಬರೂ ಹೋಗಲಿಲ್ಲ. ಫ್ಯಾನ್ ತಿರುಗುತ್ತಿತ್ತು. ಒಬ್ಬರು ಸಾಕಿತ್ತು ಎಂದು ಈಗ ಅನಿಸುತ್ತದೆ. ಭಟ್ಟಿ ತಣಿದು ನಾವು ಸ್ಮಶಾನ ಮುಟ್ಟುವಷ್ಟರಲ್ಲಿ ಚಿತೆಗೆ ಬೆಂಕಿ ಇಟ್ಟಾಗಿತ್ತು. ಮುಖ ನೋಡಲು ಸಿಗಲಿಲ್ಲ.

ಆ ಜಾಗ ಈಗ ಯಾರದೋ ಪಾರ್ಸಲ್ ಗೋದಾಮು. ಯಜಮಾನರ ಮುಖವನ್ನು ನೆನಪಿಗೆ ತಂದುಕೊಳ್ಳಲು ಕೆಲವೊಮ್ಮೆ ಪ್ರಯತ್ನಿಸುತ್ತೇನೆ. ಬರುವುದು ಬೆನ್ನು ಮಾತ್ರ: ಬೆವರಿಗೆ ಅಂಟಿದ ಬಿಳಿ ಅಂಗಿ, ಭಟ್ಟಿಯತ್ತ ತಿರುಗಿದ ಕುರ್ಚಿ. ಕರೆದರೆ ತಿರುಗಿ ನೋಡಿಯಾರು ಎನಿಸುತ್ತದೆ... ಹೆಸರು ಹಿಡಿದು ಅವರನ್ನು ನಾವು ಯಾರೂ ಯಾವತ್ತೂ ಕರೆದಿರಲಿಲ್ಲ.