ಗುಡುಗಕ್ಕನ ಶ್ರುತಿ ಇಳಿಸಿದ್ದು

ಆ ರಾಕ್ ತಂಡದ ಹಾಡುಗಾರ್ತಿಯನ್ನು ಎಲ್ಲರೂ ಗುಡುಗಕ್ಕ ಅಂತಲೇ ಕರೆಯುತ್ತಿದ್ದರು. ಗಿಟಾರ್ ಅವಳ ತಮ್ಮನದು, ಡ್ರಮ್ಸ್ ಗಂಡನದು. ಟೈರ್ ಅಂಗಡಿಯ ಗೋದಾಮಿನಲ್ಲಿ ಶುರುವಾದ ತಂಡ ಆ ಸೀಮೆಯ ಒಂದು ಕಾಲೇಜನ್ನೂ ಒಂದು ಕ್ರೀಡಾಂಗಣವನ್ನೂ ಬಿಟ್ಟಿರಲಿಲ್ಲ. ಜನ ಕಾಯುತ್ತಿದ್ದದ್ದು ಮಾತ್ರ ಒಂದೇ ಹಾಡಿಗೆ, ಅದರ ಕೊನೆಯಲ್ಲಿ ಅವಳು ಏರಿಸಿ ಹಿಡಿಯುವ ದನಿಗೆ.

ಹೆಸರು ಏರುತ್ತಿದ್ದಾಗಲೇ ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿತು.

"ತೆಗೀಲೇಬೇಕು," ಅಂದರು ಸರ್ಜನ್. "ದನಿಯ ನರ ಅದಕ್ಕೇ ಅಂಟಿಕೊಂಡಿದೆ. ಜೋಪಾನವಾಗಿ ಮಾಡ್ತೀನಿ, ಆದ್ರೆ ಮಾತು ಕೊಡೋಕಾಗಲ್ಲ."

"ಮಾತು ಬೇಡ ಡಾಕ್ಟ್ರೇ, ಹಾಡು ಕೊಡಿ ಸಾಕು," ಅಂದಳು. ಅವಳೊಬ್ಬಳೇ ನಕ್ಕಳು.

ಆಪರೇಷನ್ ಆದಮೇಲೆ ಬರೀ ಪಿಸುದನಿ. ಬಾಯಿ ಬಿಡಬೇಡಿ ಅಂದಿದ್ದರು. ಆದರೂ ಬಚ್ಚಲಲ್ಲಿ ನಲ್ಲಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ಒಂದು ಸ್ವರ ಎಳೆದು ನೋಡುತ್ತಿದ್ದಳು. ಗಾಳಿ ಬರುತ್ತಿತ್ತು, ಅಷ್ಟೆ. ಗಂಡ ಬಾಗಿಲಾಚೆ ನಿಂತಿರುತ್ತಿದ್ದ. ಅವಳು ಹೊರಗೆ ಬಂದರೆ ಟವಲು ಕೊಟ್ಟು ಬೇರೆ ಮಾತು ತೆಗೆಯುತ್ತಿದ್ದ. ಅದೇ ಅವಳಿಗೆ ಇನ್ನಷ್ಟು ದಿಗಿಲು.

ತಿಂಗಳುಗಳು ಕಳೆದು ತಗ್ಗು ದನಿಯೊಂದು ಮರಳಿತು. ಅಷ್ಟರಲ್ಲಿ ಫೋನು ಬಂದರೆ ತಮ್ಮ ಬಾಲ್ಕನಿಗೆ ಹೋಗತೊಡಗಿದ್ದ. ಒಂದು ಸಂಜೆ ಕೇಳಿಯೇಬಿಟ್ಟಳು, "ಹಾಡೋಕೆ ಬೇರೆ ಹುಡುಗೀನ ನೋಡ್ತಿದ್ದೀಯಾ?"

"ನೋಡ್ದೆ. ಹಾಡಿಸಿಯೂ ಆಯ್ತು," ಅಂದ ಅವನು, ನೆಲ ನೋಡುತ್ತ. "ನಿನಗಿಂತ ಚೆನ್ನಾಗೇ ಹಾಡ್ತಾಳೆ ಅಕ್ಕ. ಆದ್ರೆ ನಮ್ಮ ಹಾಡು ಯಾರದೋ ಹಾಡಿನ ಥರ ಕೇಳಿಸ್ತು."

"ನನಗೆ ಮೇಲಿನ ಸ್ವರ ಇನ್ನು ಬರಲ್ಲ ಕಣೋ."

ಅವನು ಗಿಟಾರ್ ಎತ್ತಿಕೊಂಡು ತಂತಿ ಸಡಿಲಿಸತೊಡಗಿದ. "ನಿನ್ನ ದನಿ ಎಲ್ಲಿಗೆ ಬರುತ್ತೋ ಅಲ್ಲಿಗೆ ಶ್ರುತಿ ಇಳಿಸೋಣ. ಸಾಕು ಅನ್ನಿಸಿದಾಗ ಹೇಳು." ತಂತಿ ಗೊರಗೊರ ಅನ್ನುವವರೆಗೂ ಅವಳು ಸಾಕು ಅನ್ನಲಿಲ್ಲ. ದಪ್ಪ ತಂತಿ ತಂದು ಹಾಕಬೇಕಾಯಿತು.

ಮತ್ತೆ ಕ್ರೀಡಾಂಗಣದ ವೇದಿಕೆ ಹತ್ತಿದಾಗ ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. ಜನ ಕಾಯುತ್ತಿದ್ದ ಹಾಡಿನ ಕೊನೆಯಲ್ಲಿ ದನಿ ಕೆಳಗೇ ಉಳಿಯಿತು, ಬಿರುಕುಬಿಟ್ಟ ದನಿ. ಮುಂದಿನ ಸಾಲಿನವರು ಮುಖಮುಖ ನೋಡಿಕೊಂಡರು. "ಇದೇನಾಯ್ತು ಇವಳಿಗೆ?" ಅಂದದ್ದು ಅವಳಿಗೂ ಕೇಳಿಸಿತು. ಗಂಡ ಲಯ ತಪ್ಪಲಿಲ್ಲ. ಅದನ್ನೇ ಹಿಡಿದು ಅವಳು ಮುಗಿಸಿದಳು. ಚಪ್ಪಾಳೆ ಬಿತ್ತು, ಜೋರಾಗಿ ಅಲ್ಲ.

ದೊಡ್ಡ ಮೈದಾನಗಳ ಕರೆ ನಿಂತುಹೋಯಿತು. ಸಣ್ಣ ಸಭಾಂಗಣಗಳಲ್ಲಿ, ಆ ತಗ್ಗು ದನಿಗೆಂದೇ ಕಟ್ಟಿದ ಹಾಡುಗಳೊಂದಿಗೆ, ತಂಡ ಇನ್ನೂ ಬಹಳ ವರ್ಷ ನಡೆಯಿತು. ಒಂದೆರಡು ಹಾಡು ರೇಡಿಯೋದಲ್ಲೂ ಬಂದವು. ಆದರೆ ಮೊದಲ ಸಾಲು ಹೊರಬೀಳುವವರೆಗೆ ಅವಳ ಜೀವ ಬಾಯಿಗೆ ಬಂದಿರುತ್ತಿತ್ತು.

ಈಗ ಹಾಡುವುದನ್ನು ಬಿಟ್ಟಿದ್ದಾಳೆ. ಆದರೂ ಬೆಳಿಗ್ಗೆ ಎದ್ದವಳು ಯಾರನ್ನಾದರೂ ಮಾತಾಡಿಸುವ ಮುಂಚೆ, ದನಿ ಇದೆಯೋ ಇಲ್ಲವೋ ಅಂತ ಒಮ್ಮೆ ಮೆಲ್ಲಗೆ ಕೆಮ್ಮಿ ನೋಡುತ್ತಾಳೆ.