ಗೇಜಾನ ಕತ್ತು, ರಾದಿವೊಯನ ಪೆಡಲು

ರಾದಿವೊಯ್ ಪಾಂಟೆಲಿನ್‌ನ ಬಲಗಾಲು ಸುಮ್ಮನಿದ್ದದ್ದನ್ನು ಜ್ರೆನ್ಯಾನಿನ್ ಊರಿನಲ್ಲಿ ಯಾರೂ ಕಂಡವರಿಲ್ಲ. ಹಗಲೆಲ್ಲ ಅವನು ಡ್ರೈವಿಂಗ್ ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಡೆಗಿದ್ದ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು, ಊರಿನ ಕೋಳಿ, ಸೈಕಲ್ಲು, ಮುದುಕಿಯರನ್ನೆಲ್ಲ ಕಾಪಾಡಿಕೊಂಡು ಬಂದ ಪುಣ್ಯಾತ್ಮ. ಊಟದ ಮೇಜಿನ ಕೆಳಗೂ ಆ ಕಾಲು ಒತ್ತುತ್ತಲೇ ಇರುತ್ತಿತ್ತು. ಹೆಂಡತಿ ಜೋರ್ಕಾಳ ದನಿ ಏರಿದರಂತೂ ಪಾದ ನೆಲಕ್ಕೇ ಕಚ್ಚಿಕೊಳ್ಳುತ್ತಿತ್ತು.

"ಒತ್ತು, ಒತ್ತು. ನಾನೇನು ನಿನ್ನ ಬ್ರೇಕಿಗೆ ನಿಲ್ಲೋ ಗಾಡಿ ಅಲ್ಲ," ಎನ್ನುತ್ತಿದ್ದಳು ಅವಳು.

ಸಂಜೆಯಾಯಿತೆಂದರೆ ಅದೇ ಕಾಲು ಹಿತ್ತಿಲ ಕೋಣೆಯಲ್ಲಿ ಬೇರೆ ಪೆಡಲುಗಳ ಮೇಲೆ ಕುಣಿಯುತ್ತಿತ್ತು. ಗಿಟಾರಿನ ದನಿಯನ್ನು ಗುರುಗುಡಿಸುವ ಪೆಡಲು, ನಡುಗಿಸುವ ಪೆಡಲು, ಒಂದನ್ನು ಎರಡಾಗಿಸುವ ಪ್ರತಿಧ್ವನಿಯ ಪೆಡಲು. ಇದೆಲ್ಲ ಗೇಜಾ ಕೊರ್ಮೊಶ್‌ನ ಒಂದೇ ಒಂದು ನಾದಕ್ಕಾಗಿ. ಗೇಜಾ ಈ ಊರಿನ ಹುಡುಗ. 'ಕಪ್ಪು ಬಯಲು' ಎಂಬ ತಂಡ ಕಟ್ಟಿ, ಊರಿನ ಕಲಾಭವನದಲ್ಲೇ ಒಂದು ಬೇಸಿಗೆ ರೆಕಾರ್ಡು ಮಾಡಿ, ದೇಶವನ್ನೆಲ್ಲ ಹುಚ್ಚೆಬ್ಬಿಸಿ, ತೀರಿಕೊಂಡು ವರ್ಷಗಳಾಗಿದ್ದವು. ಆ ರೆಕಾರ್ಡಿನ ಕೊನೆಯಲ್ಲಿ ಅವನ ಗಿಟಾರು ಒಂದು ಸ್ವರ ಹಿಡಿಯುತ್ತದೆ. ಸ್ವರ ಎಲ್ಲಿಗೋ ಹೊರಟು ಹೋಗುತ್ತದೆ, ಹೋದದ್ದು ಏನೋ ಮರೆತವರ ಹಾಗೆ ತಿರುಗಿ ಬರುತ್ತದೆ. ಮೀಸೆ ಚಿಗುರುವ ವಯಸ್ಸಿನಲ್ಲಿ ರಾದಿವೊಯ್ ಅದನ್ನು ಕೇಳಿದ. ಅಂದೇ ಕೆಟ್ಟ.

ಗಿಟಾರಿನ ದನಿ ಏರಿಸುವ, ಗೇಜಾನಲ್ಲಿದ್ದಂಥದೇ ಹಳೆಯ ಆಂಪ್ ಹುಡುಕಿ ತಂದ. ತಂತಿಗಳಿಗೆ ತುಕ್ಕು ಹಿಡಿಸಿದ. ಶಾಂಪೂವಿನ ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿ ತಂತಿ ಮೀಟುವ ಬಿಲ್ಲೆ ಮಾಡಿಕೊಂಡ. ಫೋಟೋಗಳಲ್ಲೆಲ್ಲ ಗೇಜಾ ನಡುಬೇಸಿಗೆಯಲ್ಲೂ ತೋಳಿಲ್ಲದ ಕುರಿಚರ್ಮದ ಅಂಗಿ ತೊಟ್ಟು, ತಲೆಯನ್ನು ಎಡಕ್ಕೆ ವಾಲಿಸಿ ನಿಂತಿರುತ್ತಿದ್ದ. ಅದೇ ಅವನ ಗತ್ತು ಎಂದು ಊರಿನ ಗಿಟಾರಿನವರೆಲ್ಲ ಜುಲೈ ತಿಂಗಳಲ್ಲಿ ಕುರಿಗಳಾದರು. ರಾದಿವೊಯ್ ಆ ಮಂದೆಯ ಮುಂದಾಳು. ಅಂಗಿಯೊಳಗೆ ಬೆವರು ಕೋಡಿ ಹರಿಯಿತು, ನಾದ ಮಾತ್ರ ಬರಲಿಲ್ಲ.

ಬರುವುದಾದರೂ ಹೇಗೆ? ಆ ಮನೆಯಲ್ಲಿ ಅವನ ತಾಯಿ ದೆಸಾಂಕಾ ಇದ್ದಳು. ಎಂಬತ್ತು ದಾಟಿದ ಆಕೆಗೆ ಜಗತ್ತಿನಲ್ಲಿ ಒಬ್ಬನೇ ಶತ್ರು: ಪ್ರೊಮಾಯಾ, ಎದುರುಬದುರು ಬಾಗಿಲುಗಳ ನಡುವೆ ಹಾಯುವ ಗಾಳಿ. ಕತ್ತು ಹಿಡಿಸುವುದು, ಮೂತ್ರಪಿಂಡ ಕೆಡಿಸುವುದು, ಬಾಯಿ ಸೊಟ್ಟಗಾಗಿಸುವುದು ಎಲ್ಲ ಅದೇ. ಹಿತ್ತಿಲ ಕೋಣೆಯ ಹೊಸ್ತಿಲ ಸಂದಿಗೂ ಆಕೆ ಕಂಬಳಿ ಸುರುಳಿ ತುರುಕಿದ್ದಳು. ರಾದಿವೊಯ್ ಕೂಡ ಕಡಿಮೆಯವನಲ್ಲ. ಕಾರಿನಲ್ಲಿ ಒಂದು ಗಾಜು ಇಳಿದರೆ ಇನ್ನೊಂದನ್ನು ಏರಿಸಿಯೇ ಪಾಠ ಶುರು ಮಾಡುತ್ತಿದ್ದ.

ಹೀಗಿರುವಾಗ ಗೇಜಾನ ಅಕ್ಕ ಇಲೋಂಕಾ, ಊರು ಬಿಟ್ಟು ಸುಬೊಟಿತ್ಸಾದ ಮಗಳ ಮನೆಗೆ ಹೊರಟಳು. ಹೊರಡುವ ಮುಂಚೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ನನ್ನ ತಮ್ಮನ ಕೆಂಪು ಗಿಟಾರು ಇಲ್ಲೇ ಇರ್ಲಿ. ಕಲಾಭವನದಲ್ಲಿ ವೇದಿಕೆಗೆ ಬೆನ್ನು ಮಾಡ್ಕೊಂಡು ಕೂತಿರ್ತೀನಿ. ಯಾರು ಅವನ ಹಾಗೆ ನುಡಿಸ್ತಾರೋ ಅವರಿಗೆ ಅದು."

ರಾದಿವೊಯ್‌ಗೆ ನಿದ್ದೆ ಹಾರಿತು. ಗಿಟಾರು ತನಗೆ ಸಿಗದಿದ್ದರೆ ಹಲ್ಲು ಡಾಕ್ಟರ್ ತಿಹೊಮಿರ್‌ಗೆ ಸಿಗುತ್ತದೆ. ಅವನ ಬಳಿ ವಿಯೆನ್ನಾದಿಂದ ತಂದ ಪೆಟ್ಟಿಗೆಯೊಂದಿತ್ತು; ಗುಂಡಿ ಒತ್ತಿದರೆ ಬೇಕಾದವರ ಗಿಟಾರಿನ ದನಿ. ಗೇಜಾನ ಗಿಟಾರು ಹಲ್ಲುನೋವಿನವರ ಮುಂದೆ ಗೋಡೆಯಲ್ಲಿ ನೇತಾಡುವುದನ್ನು ನೆನೆದು ರಾದಿವೊಯ್ ನಡುರಾತ್ರಿ ಎದ್ದು ಮತ್ತೆ ತಂತಿ ಮೀಟುತ್ತಿದ್ದ.

ಆ ದಿನ ಕಲಾಭವನ ಕಾದ ಬಾಣಲೆಯಾಗಿತ್ತು. ಆದರೂ ಕಿಟಕಿ ಬಾಗಿಲೆಲ್ಲ ಭದ್ರ. ಪ್ರೊಮಾಯಾದ ಭಯ ಊರಿಗೆಲ್ಲ; ಒಳಗೆ ಮಕ್ಕಳಿದ್ದರು, ಮುದುಕರಿದ್ದರು, ಯಾರು ತೆಗೆಯುತ್ತಾರೆ? ಇಲೋಂಕಾ ಗೋಡೆಗೆ ಮುಖ ಮಾಡಿ ಕೂತಳು. ಮೊದಲು ಡಾಕ್ಟರ್ ನುಡಿಸಿದ. ಒಂದು ಸ್ವರ ತಪ್ಪಲಿಲ್ಲ.

"ಚೆನ್ನಾಗಿದೆ," ಎಂದಳು ಇಲೋಂಕಾ. "ಆದ್ರೆ ನಮ್ಮ ಗೇಜಾ ಇಷ್ಟು ಶುಚಿಯಾಗಿ ಸ್ನಾನಾನೂ ಮಾಡ್ತಿರ್ಲಿಲ್ಲ."

ಆಮೇಲೆ ರಾದಿವೊಯ್. ಪೆಡಲುಗಳನ್ನು ಸಾಲಾಗಿ ಹರಡಿ, ತಲೆ ವಾಲಿಸಿ, ಕುರಿಚರ್ಮದೊಳಗೆ ಬೇಯುತ್ತ ನುಡಿಸಿದ. ಕಾಲು ಅಡುಗೆಮನೆಯ ಇಲಿಯಂತೆ ಅಲ್ಲಿಂದಿಲ್ಲಿಗೆ ಓಡಿತು.

ಇಲೋಂಕಾ ನಿಟ್ಟುಸಿರಿಟ್ಟಳು. "ಗೇಜಾನೇ ಅನ್ಸುತ್ತೆ. ಆದ್ರೆ ಕಂಬಳಿ ಹೊದ್ಕೊಂಡು ಮಲಗಿರೋ ಗೇಜಾ."

"ಈ ಭವನದಲ್ಲೇ ಏನೋ ಕೊರತೆ ಇದೆ ಅಕ್ಕ," ಎಂದು ರಾದಿವೊಯ್ ತೊದಲಿದ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಡಾಕ್ಟರ್ ನಕ್ಕ. "ಮೇಷ್ಟ್ರೇ, ರಿವರ್ಸ್ ಹಾಕಿ, ಮನೆಗೆ ಹೊರಡಿ."

"ನಾನು ತಲೆ ಕೂಡ ಅವನ ಹಾಗೇ ಇಟ್ಕೊಂಡಿದ್ದೆ!" ರಾದಿವೊಯನ ಕಣ್ಣು ತುಂಬಿತು. ಐವತ್ತರ ಗಂಡಸು, ಊರ ಮುಂದೆ ಅತ್ತೇಬಿಡುವಂತಿದ್ದ.

ಆಗ ಇಲೋಂಕಾ ತಿರುಗಿ ಅವನ ವೇಷ ನೋಡಿದಳು. ನೋಡಿ ಬಿದ್ದುಬಿದ್ದು ನಕ್ಕಳು. "ಅಯ್ಯೋ ಪೆದ್ದೇ, ಅದು ಶೋಕಿ ಅಲ್ಲ ಕಣೋ! ಅವನಿಗೆ ಕತ್ತು ಹಿಡ್ಕೊಂಡಿತ್ತು. ಆ ಬೇಸಿಗೆಯೆಲ್ಲ ನಮ್ಮಮ್ಮನೇ ಬಲವಂತವಾಗಿ ಆ ಅಂಗಿ ಹಾಕ್ಸಿ ಕಳಿಸ್ತಿದ್ಲು."

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ದೆಸಾಂಕಾ ಎದ್ದು ನಿಂತಿದ್ದಳು.

"ಬೇಸಿಗೇಲಿ ಕತ್ತು ಹಿಡೀತಾ?" ಎಂದಳು. "ಹಾಗಾದ್ರೆ ಆ ಹುಡುಗ ಗಾಳಿಗೆ ಕೂತಿದ್ದ! ಎಷ್ಟು ಬಾಗಿಲು ತೆಗೆದಿದ್ದ, ಹೇಳು!"

"ಎರಡೂ, ದೆಸಾಂಕಾ. ಇಲ್ಲಿ ರೆಕಾರ್ಡು ಮಾಡೋವಾಗೆಲ್ಲ ಅದೂ, ಇದೂ. ಸೆಕೆ ತಡ್ಯೋನಲ್ಲ ಅವನು."

ಒಂದು ಬಾಗಿಲು ಭವನದ ಹೆಬ್ಬಾಗಿಲು. ಇನ್ನೊಂದು ವೇದಿಕೆಯ ಹಿಂದಿನದು. ಅದರಾಚೆ ಮೇಲಿನ ಮಹಡಿಯವರೆಗೆ ಸುತ್ತಿ ಏರುವ ಬರಿಗಲ್ಲಿನ ಮೆಟ್ಟಿಲು. ರಾದಿವೊಯ್ ಆ ಬಾಗಿಲನ್ನೇ ನೋಡುತ್ತ ನಿಂತ. ಸ್ವರ ಹೋಗುತ್ತಿದ್ದದ್ದು ಅಲ್ಲಿಗೆ, ತಿರುಗಿ ಬರುತ್ತಿದ್ದದ್ದು ಅಲ್ಲಿಂದ. ಬೆಣ್ಣೆ ಕೈಯಲ್ಲಿಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಿದ್ದ. ಆದರೆ ತಾಯಿಯ ಎದುರಿಗೆ, ಮೈಯೆಲ್ಲ ಬೆವರಿರುವಾಗ, ಎರಡು ಬಾಗಿಲು ತೆಗೆಯುವುದೆಂದರೆ? ಅವನ ಕೈ ಏಳಲಿಲ್ಲ.

ದೆಸಾಂಕಾ ಮಗನ ಮುಖ ನೋಡಿದಳು. ಕೆಂಪು ಗಿಟಾರು ನೋಡಿದಳು. ಮೆಲ್ಲಗೆ ವೇದಿಕೆ ಹತ್ತಿ ಬಂದು, ತನ್ನ ಉಣ್ಣೆಯ ಶಾಲು ಬಿಚ್ಚಿ ಅವನ ಕತ್ತಿಗೆ ಬಿಗಿಯಾಗಿ ಸುತ್ತಿದಳು. ಒಳಂಗಿಯನ್ನು ಊರೆದುರಿಗೇ ಪ್ಯಾಂಟಿನೊಳಗೆ ತುರುಕಿದಳು. "ಜೋರ್ಕಾ, ಆ ಕಡೇದು ನೀನು ತೆಗಿ," ಎಂದು ಸೊಸೆಗೆ ಕೂಗಿದಳು. ಮೆಟ್ಟಿಲ ಬಾಗಿಲನ್ನು ತಾನೇ, ಕಚ್ಚುವ ನಾಯಿಯ ಸರಪಳಿ ಬಿಚ್ಚುವವಳಂತೆ, ಮುಖ ತಿರುಗಿಸಿಕೊಂಡು ತೆಗೆದಳು.

ಗಾಳಿ ನುಗ್ಗಿತು. ಮುದುಕಿಯರು ಕಿವಿ ಮುಚ್ಚಿಕೊಂಡರು. ಇಲೋಂಕಾ ಮತ್ತೆ ಗೋಡೆಗೆ ತಿರುಗಿ ಕಣ್ಣು ಮುಚ್ಚಿದಳು. ರಾದಿವೊಯ್ ಪೆಡಲುಗಳನ್ನು ಒಂದೊಂದಾಗಿ ಬಂದ್ ಮಾಡಿದ, ಗುರುಗುಡಿಸುವುದೊಂದನ್ನು ಉಳಿಸಿಕೊಂಡ. ಕೊನೆಯ ಸ್ವರ ಮೀಟಿ ಬಿಟ್ಟ. ಸ್ವರ ಮೆಟ್ಟಿಲೇರಿ ಹೋಯಿತು. ಹೋಗಿಯೇಬಿಟ್ಟಿತು ಎನ್ನುವಷ್ಟರಲ್ಲಿ ತಿರುಗಿ ಬಂತು. ಅವನ ಬಲಗಾಲು ಹುಟ್ಟಿದಂದಿನಿಂದ ಮೊದಲ ಸಲ ಸುಮ್ಮನಿತ್ತು.

ಇಲೋಂಕಾ ತಿರುಗಲಿಲ್ಲ. ಕಣ್ಣು ಮುಚ್ಚಿದವಳು ಹಾಗೆಯೇ ಗದರಿದಳು: "ಗೇಜಾ, ಬಾಗಿಲು ಹಾಕೋ! ಅಮ್ಮ ಬೈತಾಳೆ!"

ತಾನು ಏನೆಂದೆ ಎಂಬುದು ಆಮೇಲೆ ಅವಳಿಗೆ ಹೊಳೆಯಿತು. ಸೆರಗಿಲ್ಲದ ಅವಳು ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಡಾಕ್ಟರ್ ಮಾತ್ರ ತಡೆಯದೆ, "ಇದು ಮೋಸ. ಬಾಗಿಲು ಗಿಟಾರಿನ ಸಾಮಾನಲ್ಲ," ಎಂದ. ಅವನನ್ನು ಕೇಳುವವರು ಯಾರು?

ಮಾರನೆಯ ದಿನ ರಾದಿವೊಯ್ ಕೆಲಸಕ್ಕೆ ಹೋಗಲಿಲ್ಲ. ಕತ್ತು ಎಡಕ್ಕೆ ವಾಲಿ ಅಲ್ಲೇ ನಿಂತುಬಿಟ್ಟಿತ್ತು, ಫೋಟೋದಲ್ಲಿದ್ದ ಹಾಗೆಯೇ. ದೆಸಾಂಕಾ ಪ್ಲಮ್ ಹಣ್ಣಿನ ಸಾರಾಯಿ ಹಾಕಿ ತಿಕ್ಕುತ್ತ, ಗೆದ್ದವಳ ದನಿಯಲ್ಲಿ, "ಹೇಳಿರ್ಲಿಲ್ವಾ ನಾನು? ಹೇಳಿರ್ಲಿಲ್ವಾ?" ಎನ್ನುತ್ತಿದ್ದಳು.

ತೊಡೆಯ ಮೇಲೆ ಕೆಂಪು ಗಿಟಾರು ಮಲಗಿಸಿಕೊಂಡಿದ್ದ ಮಗ ನೋವಿಗೆ ಮುಖ ಕಿವುಚುತ್ತಲೇ ನಗುತ್ತಿದ್ದ. "ನೀನು ಹೇಳಿದ್ದೆ ಕಣಮ್ಮ," ಎಂದ. "ಮೆಲ್ಲಗೆ ತಿಕ್ಕು. ಪೂರ್ತಿ ವಾಸಿ ಮಾಡ್ಬೇಡ."