ಅಕ್ಕನ ಆಕಳಿಕೆ

ವಿಶ್ವವಿದ್ಯಾಲಯದಲ್ಲಿ ಅವಳನ್ನು ಬೆನ್ನ ಹಿಂದೆ ‘ಸಿದ್ಧಾಂತ ಮೇಡಂ’ ಎನ್ನುತ್ತಿದ್ದರು. ಆಧುನಿಕ ಚೀನೀ ಸಾಹಿತ್ಯ ಕಲಿಸುತ್ತಿದ್ದಳು. ಕಥೆ ಚೆನ್ನಾಗಿದೆ ಎಂದು ಯಾವ ವಿದ್ಯಾರ್ಥಿಯಾದರೂ ಬಾಯಿತಪ್ಪಿ ಅಂದರೆ ಅವನ ಕಥೆ ಮುಗಿಯಿತು. “ಚೆನ್ನಾಗಿರೋದು ಇರ್ಲಿ, ಈ ಕಥೆ ಯಾರ ಬಾಯಿ ಮುಚ್ಚಿಸಿದೆ, ಅದನ್ನ ಹೇಳಿ” ಎಂದು ಬೆನ್ನು ಹತ್ತುವಳು.

ಮನೆಯಲ್ಲಿ ಅವಳು ‘ಪುಟ್ಟಿ’. ಹಾಗೆ ಕರೆಯಲು ಉಳಿದಿದ್ದವಳು ಅಕ್ಕ ಒಬ್ಬಳೇ. ತಾಯಿ ತೀರಿಕೊಂಡಾಗ ಅಕ್ಕ ಶಾಲೆ ಬಿಟ್ಟು ಒಲೆಯ ಮುಂದೆ ನಿಂತಳು, ತಂಗಿ ಓದಿದಳು. ತಂಗಿ ಬರೆದದ್ದನ್ನೆಲ್ಲ ಮೊದಲು ಕೇಳಿಸಿಕೊಳ್ಳುವವಳೂ ಅಕ್ಕನೇ. ಅಡುಗೆಮನೆಯ ಕಟ್ಟೆ ಹತ್ತಿ ಕೂತು ತಂಗಿ ಪ್ರಬಂಧವನ್ನು ಕನ್ನಡದಲ್ಲಿ ಓದುವಳು. ಅಕ್ಕ ಪಾತ್ರೆ ತಿಕ್ಕುತ್ತ ಕೇಳುವಳು. ಅಕ್ಕ ಆಕಳಿಸಿದ ಕಡೆ ತಂಗಿ ಪೆನ್ಸಿಲಿನಿಂದ ಗೀಟು ಎಳೆದು, ಆಮೇಲೆ ಆ ಭಾಗವನ್ನೇ ಕಿತ್ತುಹಾಕುತ್ತಿದ್ದಳು. ಇವಳ ಬರಹ ಎಷ್ಟು ತಿಳಿಯಾಗಿದೆ ಎಂದು ಹೊಗಳುವ ಪಂಡಿತರಿಗೆ ಈ ಆಕಳಿಕೆಯ ಸಂಗತಿ ಗೊತ್ತಿರಲಿಲ್ಲ. ಗೊತ್ತಾಗುವುದು ಅವಳಿಗೆ ಬೇಕಾಗಿಯೂ ಇರಲಿಲ್ಲ. ಸಹೋದ್ಯೋಗಿಗಳನ್ನು ಅವಳು ಮನೆಗೆ ಕರೆದದ್ದೇ ಇಲ್ಲ.

ಆ ವರ್ಷದ ವಿಚಾರ ಸಂಕಿರಣಕ್ಕೆ ಅವಳು ಆರಿಸಿಕೊಂಡದ್ದು ನೂರು ವರ್ಷ ಹಳೆಯ ಒಂದು ಚೀನೀ ಕಥೆ. ನಾಯಕಿ ಜಡೆ ಕತ್ತರಿಸಿಕೊಂಡು, ಮನೆ ಬಿಟ್ಟು, ಪಟ್ಟಣಕ್ಕೆ ಓದಲು ಹೋಗುತ್ತಾಳೆ. ವಿಮರ್ಶಕರೆಲ್ಲ ಅವಳನ್ನು ‘ಹೊಸ ಹೆಣ್ಣು’ ಎಂದು ತಲೆಯ ಮೇಲೆ ಹೊತ್ತು ಮೆರೆಸಿದ್ದರು. ನಮ್ಮ ಮೇಡಂ ಕಣ್ಣು ಬಿದ್ದದ್ದು, ಒಂದೇ ಒಂದು ಪುಟದಲ್ಲಿ ಚಹಾ ತಂದಿಟ್ಟು ಹೋಗುವ ನಾಯಕಿಯ ಅಕ್ಕನ ಮೇಲೆ. ಅವಳಿಗೆ ಹೆಸರಿಲ್ಲ, ಮಾತಿಲ್ಲ, ಅತಿಥಿಗಳಿಗೆ ಯಾರೂ ಅವಳನ್ನು ಪರಿಚಯಿಸುವುದೂ ಇಲ್ಲ. ಹೊಸ ಹೆಣ್ಣು ಹೊಸ್ತಿಲು ದಾಟಿದ್ದು ಈ ಅಕ್ಕನ ಬೆನ್ನ ಮೇಲೆ ಕಾಲಿಟ್ಟು, ಹೊಸ ಸಾಹಿತ್ಯ ಬಾಯಿ ಬಿಟ್ಟದ್ದು ಇವಳ ಬಾಯಿ ಕಟ್ಟಿ ಎಂಬುದು ಪ್ರಬಂಧದ ವಾದ. ವಾದವೇನೋ ಸರಿಯಾಗಿಯೇ ಇತ್ತು. ಬರೆಯುವಾಗ ಅವಳಿಗೆ ಸ್ವಂತ ಅಡುಗೆಮನೆ ಒಮ್ಮೆಯೂ ನೆನಪಾಗಲಿಲ್ಲ, ಅಷ್ಟೇ.

ಸಂಕಿರಣಕ್ಕೆ ಚೀನಾದಿಂದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಬಂದರು. ಅವರ ಬಾಯಿಂದ ಒಂದು ಒಳ್ಳೆಯ ಮಾತು ಬಿದ್ದರೆ ಸಾಕೆಂದು ವಿಭಾಗವೇ ಕಾಯುತ್ತಿತ್ತು. ಹೋಟೆಲಿನ ಊಟ ತಮಗೆ ಒಗ್ಗುವುದಿಲ್ಲ, ಮನೆಯೂಟ ಸಿಕ್ಕರೆ ಬರುವೆ ಎಂದು ಅವರೇ ಕೇಳಿದಾಗ ಅವಳಿಗೆ ಇಲ್ಲವೆನ್ನಲಾಗಲಿಲ್ಲ.

ಅಕ್ಕ ಬೆಳಗಿನಿಂದ ಒಲೆ ಬಿಟ್ಟು ಅಲುಗಿರಲಿಲ್ಲ. ಅತಿಥಿ ಬಂದೊಡನೆ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಬಾಯಿ ತುಂಬ ನಕ್ಕಳು. ಮಾಸಿದ ಬಟ್ಟೆ, ಒಡೆದ ಹಿಮ್ಮಡಿ, ಮುಂದಿನ ಒಂದು ಹಲ್ಲು ಇಲ್ಲ. ಇವರು ಯಾರು ಎಂದು ಅತಿಥಿ ಇಂಗ್ಲಿಷಿನಲ್ಲಿ ಕೇಳಿದರು.

“ನಮ್ಮ ಕುಕ್” ಎಂದಳು ತಂಗಿ.

ಅಕ್ಕನಿಗೆ ಇಂಗ್ಲಿಷ್ ಬಾರದು. ಆದರೆ ಆ ಒಂದು ಶಬ್ದ ಯಾರಿಗೆ ತಿಳಿಯದು? ತಂಗಿಯ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ, ತನಗೆಂದು ಮೇಜಿನ ಮೇಲೆ ಇಟ್ಟುಕೊಂಡಿದ್ದ ತಟ್ಟೆಯನ್ನು ತೆಗೆದುಕೊಂಡು ಒಳಗೆ ಹೋದಳು. ಬಡಿಸಲು ಬಂದವಳು ತಂಗಿಯನ್ನು ಕೇಳಿದಳು: “ಮೇಡಂ, ಇನ್ನೊಂಚೂರು ಹಾಕ್ಲಾ?”

ತಂಗಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಇವಳು ನನ್ನ ಅಕ್ಕ ಎನ್ನಲು ಊಟ ಮುಗಿಯುವವರೆಗೂ ಸಮಯವಿತ್ತು. ಹಾಗೆ ಅಂದುಬಿಟ್ಟರೆ ತಾನು ಸುಳ್ಳುಗಾತಿ ಎಂದು ಅತಿಥಿಗೆ ಗೊತ್ತಾಗುತ್ತದಲ್ಲ ಎಂಬುದೇ ಅವಳ ಚಿಂತೆ. ಅಕ್ಕನಿಗೆ ಆಗಲೇ ಗೊತ್ತಾಗಿತ್ತು.

ಮರುದಿನ ಬೆಳಿಗ್ಗೆ ಪ್ರಬಂಧ ಹಿಡಿದು ಅಡುಗೆಮನೆಗೆ ಹೋದಳು. ಕಟ್ಟೆ ಹತ್ತಲು ಧೈರ್ಯ ಸಾಲದೆ ಬಾಗಿಲಲ್ಲೇ ನಿಂತು ಓದಿದಳು. ಅತಿಥಿಗಳಿಗೆ ಯಾರೂ ಆ ಅಕ್ಕನನ್ನು ಪರಿಚಯಿಸುವುದಿಲ್ಲ ಎಂಬಲ್ಲಿಗೆ ಬಂದಾಗ ನಾಲಿಗೆ ತಡವರಿಸಿತು. ಪಾತ್ರೆ ತಿಕ್ಕುತ್ತಿದ್ದ ಅಕ್ಕನ ಕೈ ನಿಂತಿತ್ತು.

“ಯಾಕಕ್ಕಾ, ಇವತ್ತು ಒಂದ್ಸಲಾನೂ ಆಕಳಿಸ್ಲಿಲ್ಲ?”

“ಇದು ಅರ್ಥ ಆಯ್ತಲ್ಲ. ಏನೂ ತೆಗೀಬೇಡ, ಹಾಗೇ ಓದು.”

ಸಂಕಿರಣದಲ್ಲಿ ಅದನ್ನೇ ಇಂಗ್ಲಿಷಿನಲ್ಲಿ, ಏನೂ ತೆಗೆಯದೆ, ಹಾಗೆಯೇ ಓದಿದಳು. ಸಭಾಂಗಣ ಚಪ್ಪಾಳೆ ತಟ್ಟಿತು. ಅವಳಿಗೆ ಒಂದೊಂದೂ ಕೆನ್ನೆಗೆ ಬಿದ್ದಂತಾಯಿತು. ಚೀನೀ ಪ್ರಾಧ್ಯಾಪಕಿ ವೇದಿಕೆಗೇ ಬಂದು ಕೈ ಹಿಡಿದು, ಇಷ್ಟು ಪ್ರಾಮಾಣಿಕವಾದ ಓದನ್ನು ತಾನು ಕಂಡಿಲ್ಲ ಎಂದರು. ನಿಮ್ಮ ಅಡುಗೆಯವರಿಗೂ ನನ್ನ ಥ್ಯಾಂಕ್ಸ್ ತಿಳಿಸಿ ಎಂದೂ ಸೇರಿಸಿದರು. ಮೈಕು ಇನ್ನೂ ಚಾಲೂ ಇತ್ತು.

“ಅವಳು ನನ್ನ ಅಕ್ಕ” ಎಂದಳು.

ಪ್ರಾಧ್ಯಾಪಕಿಯ ಕಣ್ಣು ತುಂಬಿ ಬಂತು. “ನಮ್ಮಲ್ಲೂ ಕೆಲಸದವರನ್ನ ಅಕ್ಕ ಅಂತ ಕರೀತೀವಿ. ಆದ್ರೆ ಇಷ್ಟು ಮನಸಿಟ್ಟು ಕರೆಯೋರು ಕಡಿಮೆ” ಎಂದರು. ಮತ್ತೊಮ್ಮೆ ಚಪ್ಪಾಳೆ. ಅಲ್ಲ, ಒಡಹುಟ್ಟಿದವಳು, ನಿನ್ನೆ ನಾನು ಸುಳ್ಳು ಹೇಳಿದೆ ಎಂದು ಇನ್ನೊಂದು ಮಾತು ಬೇಕಿತ್ತು. ಅದು ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ತಲೆ ತಗ್ಗಿಸಿದಳು. ಜನ ಅದನ್ನೂ ವಿನಯ ಎಂದುಕೊಂಡರು.

ಸಂಜೆ ಬಾಗಿಲು ತೆಗೆದ ಅಕ್ಕ ಎಂದಿನಂತೆ ಕೇಳಿದಳು: “ಯಾರಾದ್ರೂ ನಿದ್ದೆ ಹೊಡೆದ್ರಾ?”

“ಇಲ್ಲ ಅಕ್ಕ.” ತಂಗಿ ಹೊಸ್ತಿಲ ಮೇಲೆಯೇ ನಿಂತು ಅತ್ತಳು. “ಎಲ್ರ ಮುಂದೆ ನೀನು ನನ್ನ ಅಕ್ಕ ಅಂದೆ. ಯಾರೂ ನಂಬ್ಲಿಲ್ಲ.”

ಅಕ್ಕ ಅವಳ ಕೈಯಿಂದ ಚೀಲ ತೆಗೆದುಕೊಂಡಳು.

“ಕುಕ್ ಅಂದಾಗ ಒಂದೇ ಸಲಕ್ಕೆ ನಂಬಿದ್ರಲ್ಲ, ಪುಟ್ಟಿ” ಎಂದಳು.